ಒಕ್ಕಣ್ಣ ಚೆಲುವ ಕಣ್ಣು ಹೊಡೆದದ್ದು

ಹತ್ತಿರ ಬನ್ರಪ್ಪ, ಕೂತ್ಕೊಳ್ಳಿ. ನಗೋದಿದ್ರೆ ಕೊನೇಲಿ ನಗಿ. ಮಧ್ಯೆ ನಕ್ಕರೆ ನಂಗೆ ಕತೆ ತಪ್ಪಿಹೋಗುತ್ತೆ.

ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೆ ಚೆಲುವ ಅಂತ ಒಬ್ಬನೇ ಮಗ. ಚೆಲುವನಿಗೆ ಒಂದೇ ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು. ಕಣ್ಣು ಒಂದಾದರೂ ಧೈರ್ಯ ಮಾತ್ರ ಇಬ್ಬರಿಗಾಗೋಷ್ಟು! ಏನು ಹೇಳಿದರೂ, "ಅಷ್ಟೇ ತಾನೆ? ಬಿಡವ್ವ, ನಂಗೊತ್ತು!" ಅನ್ನೋನು. ಗೊತ್ತಿದ್ದದ್ದು ಮಾತ್ರ ಏನೂ ಇಲ್ಲ. ಅವ್ವನಿಗೆ ಹಗಲೂ ರಾತ್ರಿ ಒಂದೇ ಚಿಂತೆ. ಈ ಪೆದ್ದನಿಗೆ ಯಾರು ಹೆಣ್ಣು ಕೊಡ್ತಾರೆ?

ಒಂದು ದಿನ ರಾಗಿಹಿಟ್ಟು ತಾ ಅಂತ ಮಗನನ್ನ ನೆರೆಮನೆ ಸಿದ್ದಕ್ಕನ ಹತ್ರ ಕಳಿಸಿದಳು. ಸಿದ್ದಕ್ಕ ಹಿಟ್ಟು ಜರಡಿ ಹಿಡೀತಿದ್ದಳು. ಧೂಳು ಹಾರಿ ಚೆಲುವನ ಕಣ್ಣಿಗೆ ಬಿತ್ತು. ಪಾಪ, ರೆಪ್ಪೆ ಬಡಿದ. ಎರಡು ಕಣ್ಣಿದ್ದೋರು ಬಡಿದರೆ ಯಾರೂ ಏನೂ ಅನ್ನಲ್ಲ. ಒಂದೇ ಕಣ್ಣಿದ್ದೋನು ಬಡಿದರೆ?

"ಅಯ್ಯೋ ನಿನ್ ಮನೆ ಹಾಳಾಗ! ನಂಗೇ ಕಣ್ಣು ಹೊಡೀತೀಯೇನೋ?" ಅಂತ ಸಿದ್ದಕ್ಕ ಜರಡಿಯಲ್ಲೇ ತಲೆಗೆ ಬಾರಿಸಿದಳು.

ಹಿಟ್ಟು ಮೆತ್ತಿಕೊಂಡು ಮನೆಗೆ ಬಂದ. ಅವ್ವ ಬೈದಳು. "ಪೆದ್ದ ಮುಂಡೇದೆ! ಹೆಂಗಸರ ಮುಂದೆ ರೆಪ್ಪೆ ಬಡೀತಾರೇನೋ? ಕಣ್ಣು ಬಿಟ್ಕೊಂಡೇ ಇರು!"

"ಅಷ್ಟೇ ತಾನೆ? ಬಿಡವ್ವ, ನಂಗೊತ್ತು!"

ಮಾರನೇ ದಿನ ಮಜ್ಜಿಗೆ ತರೋಕೆ ಪಟೇಲರ ಮನೆಗೆ ಹೋದ. ಪಟೇಲರ ಸೊಸೆ ಜಗಲಿ ಮೇಲೆ ಕೂತು ಕೂಸಿಗೆ ತುತ್ತು ಉಣ್ಣಿಸ್ತಿದ್ದಳು. ಚೆಲುವ ನಿಂತ. ಕಣ್ಣು ಬಿಟ್ಟ. ಬಿಟ್ಟೋನು ಬಿಟ್ಟೇ ಇದ್ದ! ಕಣ್ಣು ಕೆಂಪಾಯ್ತು, ನೀರು ಸುರೀತು, ರೆಪ್ಪೆ ಮಾತ್ರ ಅಲ್ಲಾಡಲಿಲ್ಲ. ಕೂಸು ಕಿಟಾರನೆ ಕಿರುಚಿಕೊಳ್ತು.

"ಉಣ್ಣೋ ಕೂಸನ್ನ ಹಿಂಗಾ ನೋಡೋದು? ದೃಷ್ಟಿ ಹಾಕ್ದ, ದೃಷ್ಟಿ ಹಾಕ್ದ!" ಅಂತ ಪಟೇಲರ ಮನೆ ಮುದುಕಿ ಪೊರಕೆ ತಂದಳು. ಕೂಸಿಗೆ ನಿವಾಳಿಸಿದಳು. ಅದೇ ಪೊರಕೆಯಲ್ಲಿ ಇವನ ಬೆನ್ನಿಗೂ ಕೊಟ್ಟಳು.

ಅವ್ವ ಹಣೆ ಚಚ್ಚಿಕೊಂಡಳು. "ಹಂಗೆ ದುರುಗುಟ್ಟಿದ್ರೆ ಇನ್ನೇನು ಮುತ್ತಿಡ್ತಾರಾ? ರೆಪ್ಪೆ ಬಡಿ ಕಣೋ! ಬಡಿಯೋ ಮುಂಚೆ 'ಇದು ಬರೀ ರೆಪ್ಪೆ' ಅಂತ ಗಟ್ಟಿಯಾಗಿ ಹೇಳ್ಬಿಡು. ಯಾರಿಗೂ ಅನುಮಾನ ಬರಲ್ಲ!"

"ಅಷ್ಟೇ ತಾನೆ? ಬಿಡವ್ವ, ನಂಗೊತ್ತು!"

ಅವತ್ತು ಸಂಜೆ ಊರ ಗಂಡಸರು ಗೌಜಲಕ್ಕಿಗೆ ಬಲೆ ಹಾಕಿ ಪೊದೆ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಹಕ್ಕಿಗಳು ಕಾಳು ಹೆಕ್ಕುತ್ತಾ ಬಲೆ ಹತ್ರ ಬಂದವು. ಇನ್ನೇನು ಬಿದ್ದವು! ಚೆಲುವ ಹೋಗಿ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಇದು ಬರೀ ರೆಪ್ಪೇ!"

ಭುರ್ರ್! ಅರ್ಧ ಹಕ್ಕಿ ಹಾರಿದವು.

"ಇದೂ ಬರೀ ರೆಪ್ಪೇ!"

ಭುರ್ರ್! ಉಳಿದವೂ ಹಾರಿದವು. ಆಮೇಲೆ ಗಂಡಸರು ಅವನಿಗೆ ಏನು ಕೊಟ್ಟರು ಅಂತ ನಾನು ಹೇಳಬೇಕೇನ್ರಪ್ಪ?

ಅವ್ವನಿಗೆ ಅಳು ಬಂತು. "ನಿನ್ನ ಹೆಸರು ಹಿಂಗೆ ಕೆಟ್ಟರೆ ಹೆಣ್ಣು ಕೊಡೋರು ಯಾರೋ? ಸರಿಯಾಗಿ ಕೇಳ್ಕೊ. ಬೇಗ ಮುಚ್ಚಿ ಬೇಗ ತೆಗೆದ್ರೆ ಅದು ರೆಪ್ಪೆ ಬಡಿದದ್ದು. ಮುಚ್ಚಿ ತಡೆದು ಹಿಡಿದ್ರೆ ಅದು ಕಣ್ಣು ಹೊಡೆದದ್ದು. ಅದನ್ನ ನಿನ್ನ ಹೆಂಡ್ತಿಗೆ ಅಂತ ಇಟ್ಕೊ!"

"ಅಷ್ಟೇ ತಾನೆ? ಬಿಡವ್ವ, ನಂಗೊತ್ತು!"

ಅವ್ವ ಊರೂರು ಅಲೆದು ಕೊನೆಗೂ ಒಂದು ಹೆಣ್ಣು ಹುಡುಕಿದಳು. ಹುಡುಗಿ ಹೆಸರು ಚಿಕ್ಕತಾಯಿ. ಹೆಣ್ಣು ನೋಡೋಕೆ ಹೋದಾಗ ಚೆಲುವ ಪಟಪಟ, ಪಟಪಟ ಅಂತ ಒಂದೇ ಸಮನೆ ರೆಪ್ಪೆ ಬಡಿದ. ಎಲ್ಲಿ ತಡೆದುಬಿಡುತ್ತೋ ಅನ್ನೋ ಭಯ! ಚಿಕ್ಕತಾಯಿಗೆ ನಗು ತಡೆಯೋಕಾಗಲಿಲ್ಲ. ನೀರು ಕೊಡೋ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಎಲ್ಲಾ ನಿಮ್ಮವ್ವ ಹೇಳಿದಂಗೇ ಮಾಡ್ತೀಯಂತೆ, ಹೌದಾ?"

"ಹೂಂ."

"ನನ್ನನ್ನ ಒಪ್ಪಿದ್ದು ನೀನೋ, ನಿಮ್ಮವ್ವನೋ?"

"ನಾನೇ!"

"ಹಂಗಾದ್ರೆ ಇದೊಂದು ನನ್ನ ಮಾತಿನಂಗೆ ಮಾಡು. ಧಾರೆಯಲ್ಲಿ ತೆರೆ ಸರಿಸಿದ ತಕ್ಷಣ ನಂಗೊಂದು ಕಣ್ಣು ಹೊಡಿ. 'ನೋಡಿದೆ' ಅಂತ ನಾನು ಅನ್ನೋತನಕ ಬಿಡಬೇಡ. ಇಲ್ದಿದ್ರೆ ನಾನು ತಾಳಿಗೆ ಕತ್ತು ಬಗ್ಗಿಸೋಳಲ್ಲ!"

"ಅಷ್ಟೇ ತಾನೆ? ಬಿಡು, ನಂಗೊತ್ತು!"

ಮದುವೆ ದಿನ ಬಂತು. ಇಬ್ಬರ ನಡುವೆ ತೆರೆ ಹಿಡಿದರು. ಗಟ್ಟಿಮೇಳ ಮೊಳಗಿತು, ತೆರೆ ಸರೀತು. ಚೆಲುವ ಕಣ್ಣು ಹೊಡೆದ! ಮುಚ್ಚಿದ, ತಡೆದ, ಬಿಗಿಯಾಗಿ ಹಿಡಿದ. ಇದ್ದ ಒಂದು ಕಣ್ಣು ಮುಚ್ಚಿದ ಮೇಲೆ ಲೋಕವೆಲ್ಲ ಕತ್ತಲು. ಚಿಕ್ಕತಾಯಿ ನೋಡೋಣ ಅಂತ ತಲೆ ಎತ್ತಿದಳು. "ಮದುಮಗಳು ತಲೆ ಎತ್ತಬಾರದು, ತಗ್ಸೇ!" ಅಂತ ಅವಳ ಸೋದರತ್ತೆಯರು ಅದುಮಿದರು. ಮತ್ತೆ ಎತ್ತಿದಳು. ಮತ್ತೆ ಅದುಮಿದರು. ಅವಳು ನೋಡೋದು ಹೇಗೆ, 'ನೋಡಿದೆ' ಅನ್ನೋದು ಹೇಗೆ?

ಅಷ್ಟರಲ್ಲಿ ಚೆಲುವನ ಕೈಗೆ ತಾಳಿ ಬಂತು. ಹುಡುಗಿಯ ಸೋದರಮಾವ ಗಿರಿಗೌಡ, ತಾಳಿಗೆ ಅಡ್ಡ ಬರುತ್ತೆ ಅಂತ ಅವಳ ಹೂವಿನ ಹಾರ ಸರಿಸೋಕೆ ಮುಂದೆ ಬಗ್ಗಿದ. ಚೆಲುವ ಕೈಯಲ್ಲಿ ತಡಕಿದ. ಒಂದು ಕತ್ತು ಸಿಕ್ತು. ಕಟ್ಟಿದ! ಮೂರು ಗಂಟು, ಬಿಚ್ಚೋಕೆ ಬಾರದಂಗೆ!

"ಅಯ್ಯೋ ಅಯ್ಯೋ!" ಅಂದರು ಜನ. "ಕಣ್ಣು ಬಿಡೋ ಪೆದ್ದ, ಕಣ್ಣು ಬಿಡೋ!" ಅಂತ ಅವ್ವ ಎದೆ ಬಡಿದುಕೊಂಡಳು.

"ಬಿಡಲ್ಲ ಕಣವ್ವ! ಇದೊಂದು ನಿನ್ನ ಮಾತಲ್ಲ, ಅವಳ ಮಾತು!"

ಆ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕತಾಯಿ ಅತ್ತೆಯರ ಕೈ ಕಿತ್ತೆಸೆದು ತಲೆ ಎತ್ತಿದಳು. ಮುಖವೆಲ್ಲ ಕಿವುಚಿಕೊಂಡು, ಬೆವರು ಸುರಿಸಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ ಗಂಡನ್ನ ನೋಡಿದಳು. ನಕ್ಕಳು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು.

"ನೋಡಿದೆ ಕಣೋ, ನೋಡಿದೆ! ಒಪ್ಪಿದೆ! ಕಣ್ಣು ಬಿಡು!"

ಚೆಲುವ ಕಣ್ಣು ಬಿಟ್ಟ. ಎದುರಿಗೇ ಗಿರಿಗೌಡ. ಕತ್ತಿನಲ್ಲಿ ತಾಳಿ, ಮೂಗಿನ ಕೆಳಗೆ ಕಿವಿ ಮುಟ್ಟೋ ಮೀಸೆ.

"ಅವ್ವಾ! ಒಂದು ಸಲ ಕಣ್ಣು ಹೊಡೆಯೋದ್ರೊಳಗೆ ಹುಡುಗಿಗೆ ಮೀಸೆ ಬಂದ್ಬಿಟ್ಟಿದೆಯಲ್ಲವ್ವ!" ಅಂದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದೆ ಉಬ್ಬಿಸಿ ಗಿರಿಗೌಡನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಬಂದ್ರೆ ಬರಲಿ ಬಿಡವ್ವ! ಕೊಟ್ಟ ಮಾತು ಕೊಟ್ಟದ್ದೇ. ಮೀಸೆ ಇದ್ರೂ ನಂಗೆ ಇವಳೇ ಆಗ್ಬೇಕು!"