ಸಿರಾ ದ್ರಾಕ್ಷಿಗೆ ಕಲ್ಲಿನ ಸಿಟ್ಟು ಬಂದದ್ದು

ಭೂಮಿ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯಂತೆ ಬಿಸಿಬಿಸಿ ಇದ್ದ ಕಾಲ, ಪುಟ್ಟವ್ವ. ರೊಟ್ಟಿ ಉಬ್ಬಿ ಒಡೆದರೆ ಉಗಿ ಬರುತ್ತದಲ್ಲ, ಹಾಗೆ ಭೂಮಿ ಒಡೆದಾಗ ಬೆಂಕಿ ಬಂತು. ಬೆಂಕಿ ಹರಿಯಿತು, ಆರಿತು. ಮತ್ತೆ ಹರಿಯಿತು, ಮತ್ತೆ ಆರಿತು. ಆರಿದ್ದೆಲ್ಲ ಕರಿಕಲ್ಲಾಯಿತು.

ಮಳೆ ಬಿಸಿಲು ಬಡಿದು ಬಡಿದು ಆ ಕಲ್ಲಿನಲ್ಲಿ ಒಂದಷ್ಟು ಪುಡಿಯಾಯಿತು. ಪುಡಿ ತಗ್ಗಿಗೆ ಜಾರಿ, ಡೋಣಿ ಹೊಳೆಯ ದಂಡೆಯಲ್ಲಿ ಕೂತು ಎರೆಮಣ್ಣಾಯಿತು. ಅಂದರೆ ಎರೆಮಣ್ಣು ಯಾರ ಮಗಳು? ಕಲ್ಲಿನ ಮಗಳು. ಇದನ್ನು ನೀನಾದರೂ ನೆನಪಿಟ್ಟುಕೋ, ಆ ಮಗಳಂತೂ ಮರೆತಳು.

ಮೆತ್ತಗಿನ ಮಣ್ಣು ಕಂಡು ಗಿಡಗಳೆಲ್ಲ ಓಡಿ ಬಂದವು. ಜೋಳ ಬಂತು, ಹತ್ತಿ ಬಂತು. ಕಬ್ಬಂತೂ ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೂತಿತು. ಎರೆಮಣ್ಣು ಎಲ್ಲರನ್ನೂ ಕೂರಿಸಿಕೊಂಡು, ದಿಬ್ಬದ ಮೇಲಿನ ಕಲ್ಲನ್ನು ತೋರಿಸಿ, ಅದು ಬರಡು, ಅತ್ತ ಹೋಗಬೇಡಿ ಎಂದು ಹೇಳತೊಡಗಿದಳು. ಹೆತ್ತ ಅಪ್ಪನನ್ನೇ ಬರಡು ಎನ್ನುವುದೇ? ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಜಾಗವೆಲ್ಲ ಹಂಚಿ ಮುಗಿದ ಮೇಲೆ ಸಿರಾ ಎಂಬ ಕಪ್ಪು ದ್ರಾಕ್ಷಿ ಬಳ್ಳಿ ಬಂದಳು. ಗಾಳಿಯ ಕೈ ಹಿಡಿದು ಬಹಳ ದೂರದಿಂದ ಬಂದಿದ್ದಳು. ಒಂದು ಮೂಲೆ ಕೊಡಿ ಎಂದು ಕೇಳಿದಳು. ಜೋಳ ಜಾಗವಿಲ್ಲ ಎಂದಿತು. ಹತ್ತಿ ಜಾಗವಿಲ್ಲ ಎಂದಿತು. ಬೆನ್ನುಮೂಳೆ ಇಲ್ಲದವಳು, ನಮ್ಮ ಮೈಮೇಲೇ ಹತ್ತುತ್ತಾಳೆ ಎಂದು ಕಬ್ಬು ಎಲ್ಲರನ್ನೂ ನಗಿಸಿತು. ಬುಡದಲ್ಲಿ ನೀರಿಲ್ಲದೆ ನಾಲ್ಕು ದಿನ ನಿಲ್ಲಲಾರದ್ದು ಆಡುವ ಮಾತೇ ಅದು?

ಡೋಣಿ ಹೊಳೆ ಮಾತ್ರ ನಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿತು. "ಇರ್ಲಿ ಬಿಡ್ರಿ," ಎಂದಿತು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?"

ಸಿರಾಳಿಗೆ ಸಿಟ್ಟು ನೆತ್ತಿಗೇರಿತು. "ಬರೂದಿಲ್ಲ. ಸತ್ರೂ ನಿನ್ನ ನೀರಿಗೆ ಬರೂದಿಲ್ಲ," ಎಂದವಳೇ ದಿಬ್ಬ ಹತ್ತಿಬಿಟ್ಟಳು.

ಅಲ್ಲಿ ಕಲ್ಲು ಮುಖ ತಿರುಗಿಸಿಕೊಂಡು ಕೂತಿತ್ತು. "ಎದಕ್ಕ ಬಂದಿ? ನನ್ನ ಹತ್ರ ಸಿಟ್ಟೊಂದು ಬಿಟ್ರ ಏನೂ ಇಲ್ಲ."

"ಅದನ್ನ ಕೊಡು," ಎಂದಳು ಸಿರಾ. "ನನಗೂ ಸಿಟ್ಟು ಬಂದೈತಿ."

ಅಲ್ಲಿಯವರೆಗೆ ಯಾರೂ ಆ ಕಲ್ಲನ್ನು ಏನನ್ನೂ ಕೇಳಿರಲಿಲ್ಲ. ಅದು ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಸಿರಾ ಬೇರು ಇಳಿಸಿದಳು. ಒಂದು ಹನಿ ಸಿಕ್ಕಿತು. ಇನ್ನೂ ಇಳಿದಳು, ಇನ್ನೊಂದು ಹನಿ ಸಿಕ್ಕಿತು. ಹಗಲೆಲ್ಲ ಕಾದ ಕಲ್ಲು ಕತ್ತಲಾದ ಮೇಲೆ ಅವಳ ಬುಡ ಬೆಚ್ಚಗಿಡುತ್ತ, ತಾನು ಬೆಂಕಿಯಾಗಿದ್ದ ಕಾಲದ ಕತೆ ಹೇಳುತ್ತಿತ್ತು. ಅವಳು ಹೂಂಗುಟ್ಟುತ್ತಿದ್ದಳು.

ಹೀಗಿರುವಾಗ ಆ ಸೀಮೆಗೆ ಮೊದಲ ಒಕ್ಕಲು ಬಂತು. ಗಂಡ ಮಲಕಾರಿ, ಹೆಂಡತಿ ತಂಗೆವ್ವ. ಭೂಮಿತಾಯಿ ಅವರಿಗೆ ಒಂದೇ ಮಾತು ಹೇಳಿದ್ದಳು: ಉಪಯೋಗಕ್ಕೆ ಬಂದ ಗಿಡ ಹೊಲದಲ್ಲಿ, ಬಾರದ ಗಿಡ ಒಲೆಯಲ್ಲಿ.

ಮಲಕಾರಿ ಕೆಟ್ಟವನಲ್ಲ. ಒಳ್ಳೆಯವನು, ಅದೇ ತೊಂದರೆ. ಒಣಕಲು ಬಳ್ಳಿ ನೋಡಿ ಅವನಿಗೆ ಕನಿಕರ ಬಂತು. ಒಳ್ಳೆಯ ಒಕ್ಕಲಿಗ ಮೊದಲು ಮಾಡುವ ಕೆಲಸವೇನು? ಹೊಲದ ಕಲ್ಲು ಆರಿಸುವುದು. ಅವನೂ ಸಿರಾಳ ಬುಡದ ಕಲ್ಲನ್ನೆಲ್ಲ ಆರಿಸಿ ಬದುವಿಗೆ ಒಟ್ಟಿದ. ಎರೆಮಣ್ಣು ತಂದು ಸುರಿದ. ಎತ್ತಿನ ಮೇಲೆ ಹೊಳೆಯ ನೀರು ಹೇರಿ ತಂದು ಉಣಿಸಿದ. ಸಿರಾ ಬೇಡ ಬೇಡ ಎಂದಳು, ಅವನಿಗೆ ಕೇಳಿಸಲಿಲ್ಲ. ಕೆಳಗಿನಿಂದ ಹೊಳೆ, ನಾನು ಹೇಳಿರಲಿಲ್ಲವೇ ಎಂದು ಕಿಲಕಿಲ ನಕ್ಕಿತು. ಒಂದು ಮಾತು ಕೇಳದೆ ಮಾಡುವ ಉಪಕಾರವೂ ಒಂದು ಉಪಕಾರವೇ?

ನೀರು ಮೇಲೇ ಸಿಕ್ಕಿದ ಮೇಲೆ ಬೇರು ಆಲಸಿಯಾಯಿತು, ಇಳಿಯುವುದನ್ನು ಬಿಟ್ಟು ಮಲಗಿತು. ಹಣ್ಣೇನೋ ದಪ್ಪದಪ್ಪ ಬಿಟ್ಟವು. ಹಿಂಡಿ, ಗಡಿಗೆಗೆ ತುಂಬಿ, ವೈನಾಗಲೆಂದು ಬಾಯಿ ಕಟ್ಟಿಟ್ಟರು. ತೆರೆದು ಕುಡಿದರೆ ಪಾತ್ರೆ ತೊಳೆದ ನೀರು. ಮಲಕಾರಿ ಉಗುಳಿದ. ಇಷ್ಟೆಲ್ಲ ಮಾಡಿದರೂ ಹೀಗೆ ಎಂದರೆ ಇದು ಒಲೆಗೇ ಸರಿ ಎಂದು ಕೊಡಲಿ ತಂದ.

ತಂಗೆವ್ವ ಅಡ್ಡ ನಿಂತಳು. ಅವಳ ಮಾತನ್ನೂ ಮಲಕಾರಿ ಅರ್ಧವೇ ಕೇಳಿಸಿಕೊಳ್ಳುತ್ತಿದ್ದ, ಹಾಗಾಗಿ ಅವಳಿಗೆ ಬಳ್ಳಿಯ ಮಾತು ಕೇಳಿಸುತ್ತಿತ್ತು.

ಸಿರಾ ಕೊಡಲಿಗೆ ಹೆದರಲಿಲ್ಲ. "ನಿಮಗ ನೀರು ಯಾರು ಕೇಳಿದ್ರು? ನನ್ನ ಕಲ್ಲು ನನಗ ಕೊಡ್ರಿ. ಆಮ್ಯಾಲ ಬೇಕಾದ್ರ ಕಡೀರಿ."

ಒಂದು ಬೆಳೆ ಬಿಡು, ಆಗದಿದ್ದರೆ ನಾನೇ ಒಲೆಗಿಡುತ್ತೇನೆ ಎಂದು ತಂಗೆವ್ವ ಗಂಡನ ಕೈಯಿಂದ ಕೊಡಲಿ ಕಿತ್ತುಕೊಂಡಳು. ಎರೆಮಣ್ಣು ಕೆದರಿ ತೆಗೆದಳು. ಬದುವಿನ ಕಲ್ಲನ್ನು ತನ್ನಿಂದ ಆದಷ್ಟು ಉಡಿಯಲ್ಲಿ ಕಟ್ಟಿ ತಂದು ಬುಡಕ್ಕೆ ಇಟ್ಟಳು. ನೀರು ಹೊರುವ ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದಳು. ಜಗತ್ತೆಲ್ಲ ಕಲ್ಲು ಆರಿಸಿ ಹೊರಗೆ ಹಾಕಿದರೆ ಇವಳು ಹೊಲಕ್ಕೆ ಕಲ್ಲು ಹೊರುತ್ತಾಳೆ ಎಂದು ಕಬ್ಬು ನಕ್ಕಿತು. ನಗಲಿ, ಅದಕ್ಕೆ ಬೇರೆ ಕೆಲಸವೇನು?

ಆ ಬೇಸಿಗೆ ಸಿರಾ ಸಾಯುವುದೊಂದೇ ಬಾಕಿ. ಬೇರಿಗೆ ಇಳಿಯುವುದು ಮರೆತುಹೋಗಿತ್ತು. ಎಲೆ ಸುಟ್ಟವು. ಒಂದು ಸಲ ಬಾಯಿಬಿಟ್ಟು ಬೇಡು, ನೀರು ಕಳಿಸುತ್ತೇನೆ ಎಂದಿತು ಹೊಳೆ. ಅವಳು ಬೇಡಲಿಲ್ಲ.

"ಇನ್ನೊಂದು ಗೇಣು ಇಳಿ ಮಗಳ," ಎಂದಿತು ಕಲ್ಲು. "ಮಳಿ ಇಟ್ಟು ಹೋದ ನೀರು ನನ್ನ ಹೊಟ್ಯಾಗ ಐತಿ."

ಇಳಿದಳು. ಗೇಣಿನ ಕೆಳಗೆ ಗೇಣು, ಇಳಿದಳು. ಆ ವರ್ಷ ಹಣ್ಣು ಸಣ್ಣವು, ಕಪ್ಪು, ಬಿಸಿಲಿಗೆ ಜಗ್ಗದ ದಪ್ಪ ಸಿಪ್ಪೆ. ಹಿಂಡಿ ಕಟ್ಟಿಟ್ಟರೆ ಅರ್ಧ ಗಡಿಗೆಯೂ ಆಗಲಿಲ್ಲ. ಮಲಕಾರಿ ಕೊಡಲಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಗಡಿಗೆಯ ಬಾಯಿ ಬಿಚ್ಚಿದ.

ಮೊದಲು ಹೊಗೆಯ ವಾಸನೆ ಬಂತು. ಆಮೇಲೆ ಆಗಷ್ಟೇ ಕುಟ್ಟಿದ ಮೆಣಸಿನ ಘಾಟು. ಆಮೇಲೆ ಕಾದ ಕಲ್ಲಿನ ಮೇಲೆ ಮೊದಲ ಮಳೆ ಬಿದ್ದ ವಾಸನೆ. ಅವನು ಒಂದು ಗುಟುಕು ಕುಡಿದ. ಅದು ನಾಲಿಗೆಯನ್ನು ಹಿಡಿದುಕೊಂಡಿತು, ಬಿಡಲಿಲ್ಲ.

ಗಡಿಗೆ ಕೆಳಗಿಟ್ಟು ಹೇಳಿದ, "ಇದು ನನಗ ಬೈಯಾಕ ಹತ್ತೈತಿ."

"ಬೈಲಿ," ಎಂದಳು ತಂಗೆವ್ವ.

ಮಲಕಾರಿ ಎದ್ದು ಹೋಗಿ, ಬದುವಿನಲ್ಲಿ ಉಳಿದಿದ್ದ ಕಲ್ಲುಗಳನ್ನು ತಾನೇ ಹೊತ್ತು ತಂದು ಸಿರಾಳ ಬುಡಕ್ಕೆ ಇಟ್ಟ. ಎರೆಮಣ್ಣು ಮಾತ್ರ ಇವತ್ತಿನವರೆಗೂ ಅಪ್ಪನ ಹತ್ತಿರ ತಪ್ಪಾಯಿತು ಎಂದಿಲ್ಲ. ಇರಲಿ, ಅವನಿಗೆ ಈಗ ಇನ್ನೊಬ್ಬ ಮಗಳಿದ್ದಾಳೆ.

ಅದಕ್ಕೇ, ಪುಟ್ಟವ್ವ, ಕಲ್ಲುದಿಬ್ಬದ ಸಿರಾ ಇಂದಿಗೂ ಸಣ್ಣ ಹಣ್ಣು ಬಿಡುತ್ತಾಳೆ, ಅದರ ವೈನು ಕುಡಿದ ದೊಡ್ಡವರು ಮೊದಲು ಹೊಗೆ ಎನ್ನುತ್ತಾರೆ, ಆಮೇಲೆ ಮೆಣಸು ಎನ್ನುತ್ತಾರೆ, ಆಮೇಲೆ ಮಳೆ ಬಿದ್ದ ಕಲ್ಲು ಎನ್ನುತ್ತಾರೆ. ಮತ್ತೆ ನೀನು ಈಗ ಎಸೆಯಲೆಂದು ಅವಳ ಬುಡದಿಂದ ಎತ್ತಿಕೊಂಡಿದ್ದೀಯಲ್ಲ, ಆ ಕಲ್ಲು ಹೊತ್ತು ಮುಳುಗಿದರೂ ನಿನ್ನ ಕೈಯಲ್ಲಿ ಇನ್ನೂ ಬಿಸಿಯಾಗಿದೆ ನೋಡು, ಇದ್ದಲ್ಲೇ ಇಡು.