ಥಾಬಾ-ಖುತ್ಸೊ: ಸದ್ದಿಲ್ಲದ ಬೆಟ್ಟ

ಕಡಲಿನ ಸೋಂಕೇ ಇಲ್ಲದ, ನಾಲ್ಕೂ ದಿಕ್ಕಿಗೆ ಒಂದೇ ನೆರೆದೇಶ ಸುತ್ತುವರಿದ ನಮ್ಮ ಲೆಸೊಥೊಕ್ಕೆ ಬರುವ ಪ್ರವಾಸಿಗರು ಮೊದಲು ಕೇಳುವುದು ಜಲಪಾತಗಳನ್ನು. ಥಾಬಾ-ಖುತ್ಸೊ ಬೆಟ್ಟಕ್ಕೂ ಅವರು ಬರುವುದು ಅದರ ನೆತ್ತಿಯಿಂದ ಧುಮುಕುವ ನೀರಿಗಾಗಿಯೇ. ಮಸೇರು ಪಟ್ಟಣದಿಂದ ಜೀಪಿನಲ್ಲಿ ಅರ್ಧ ದಿನ, ಆಮೇಲೆ ಕುದುರೆಯ ಮೇಲೆ ಎರಡು ಗಂಟೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಬಂಡೆಗೆ ಜೋತುಬಿದ್ದಿರುತ್ತದೆ. ಬೇಸಿಗೆಯಲ್ಲಿ ಅದರ ಆರ್ಭಟಕ್ಕೆ ಪಕ್ಕದವರ ಮಾತು ಕೇಳಿಸದು. ಇಷ್ಟು ಗದ್ದಲದ ಬೆಟ್ಟಕ್ಕೆ ‘ಸದ್ದಿಲ್ಲದ ಬೆಟ್ಟ’ ಎಂಬ ಅರ್ಥದ ಹೆಸರೇಕೆ ಬಂತೆಂದು, ಫೋಟೊ ತೆಗೆಯುವ ಆತುರದ ನಡುವೆ, ಹತ್ತರಲ್ಲಿ ಒಬ್ಬರು ಕೇಳಿದರೆ ಹೆಚ್ಚು. ಆ ಒಬ್ಬರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಹೇಳಿದವಳು ನನ್ನ ಹೆಂಡತಿಯ ಅಜ್ಜಿ. ಅವಳು ತಾನಾಗಿ ಸೇರಿಸಿದ್ದು ಎಷ್ಟು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹಿಂದೆ ಒಮ್ಮೆ, ಸೆಖೋಬೆ ಎಂಬ ಮುಖ್ಯಸ್ಥನ ಕಾಲದಲ್ಲಿ, ಜಲಪಾತದ ಮೇಲಿನ ಇಳಿಜಾರು ಇಡೀ ಊರಿನ ಕಾವಲಾಗಿತ್ತಂತೆ. ಹಿಮ ಬೀಳುವ ತಿಂಗಳುಗಳಿಗೆಂದು ಹುಲ್ಲನ್ನು ಬೆಳೆಯಲು ಬಿಟ್ಟ ಜಾಗ ಅದು. ಮುಖ್ಯಸ್ಥ ಸಭೆ ಕರೆದು ಸಾರುವವರೆಗೆ ಯಾರ ದನವೂ ಅಲ್ಲಿ ಕಾಲಿಡುವಂತಿರಲಿಲ್ಲ. ಇಟ್ಟರೆ ಆ ಮಂದೆಯ ಮುಂದಾಳು ಎತ್ತನ್ನು ಕಡಿದು ಊರಿಗೆ ಹಂಚುವುದು ಕಟ್ಟಳೆ. ಕಾವಲು ಕಾಯುತ್ತಿದ್ದವನು ಲೆಟುಕಾ. ಅದಕ್ಕೂ ಮೊದಲು ಅವನು ಸೆಖೋಬೆಯ ದನಗಾಹಿಯಾಗಿದ್ದ. ತಾಯಿ ಸತ್ತ ಒಂದು ಕಂದು ಕರುವನ್ನು ತನ್ನ ಕಂಬಳಿಯೊಳಗೆ ಹುದುಗಿಸಿಕೊಂಡು ಬದುಕಿಸಿದವನು ಅವನೇ. ನಮ್ಮ ದನಗಾಹಿಗಳ ಬಳಿ ಲೆಸಿಬಾ ಎಂಬ ವಾದ್ಯವಿದೆ: ಬಿಲ್ಲಿನಂಥ ಕೋಲು, ಅದಕ್ಕೊಂದು ತಂತಿ, ತಂತಿಯ ತುದಿಗೆ ಹಕ್ಕಿಯ ಗರಿಯ ದಂಟು, ಆ ದಂಟನ್ನು ತುಟಿಗಿಟ್ಟು ಊದುವುದು. ಲೆಟುಕಾ ತಾನೇ ಕಟ್ಟಿದ ಒಂದು ಧಾಟಿಯನ್ನು ಊದಿ ಊದಿ ಆ ಕರುವನ್ನು ಬೆಳೆಸಿದ. ಅದು ಬೆಳೆದು ಸೆಖೋಬೆಯ ಮಂದೆಗೇ ಮುಂದಾಳಾಯಿತು. ಲೆಟುಕಾನನ್ನು ಮಾತ್ರ, ನಂಬಿಗಸ್ತನೆಂದು, ಬೆಟ್ಟದ ಕಾವಲಿಗೆ ಹಾಕಿದರು. ನಂಬಿಗಸ್ತರಿಗೆ ಸಿಗುವ ಬಹುಮಾನಗಳೆಲ್ಲ ಹೀಗೆಯೇ ಇರುತ್ತವೆ.

ಒಂದು ಮಧ್ಯಾಹ್ನ ಅವನು ಕಾವಲಿನ ನಡುವೆ ಒಬ್ಬನೇ ಕೂತು ಆ ಹಳೆಯ ಧಾಟಿಯನ್ನು ಊದಿದ. ಗಾಳಿ ಕಣಿವೆಯ ಕಡೆ ಬೀಸುತ್ತಿತ್ತು. ಕೆಳಗೆ ಮೇಯುತ್ತಿದ್ದ ಕಂದು ಎತ್ತು ತಲೆಯೆತ್ತಿತು, ಗಡಿಯ ಕಲ್ಲುಗುಪ್ಪೆಗಳನ್ನು ದಾಟಿ ನೇರ ಅವನ ಬಳಿ ಬಂದು ನಿಂತಿತು. ಹಿಂದೆಯೇ ಮಂದೆಯೆಲ್ಲ ಬಂತು. ಅವನು ಅಟ್ಟಿ ಮುಗಿಸುವಷ್ಟರಲ್ಲಿ ಅರ್ಧ ಇಳಿಜಾರು ಬೋಳಾಗಿತ್ತು, ಊರೆಲ್ಲ ನೋಡಿಯಾಗಿತ್ತು.

ಮರುದಿನ ಸಭೆ ಸೇರಿತು. ಸ್ವಂತದ ಎತ್ತೆಂದು ಬಿಟ್ಟುಬಿಟ್ಟರೆ ಮುಂದೆ ತನ್ನ ಮಾತಿಗೆ ಬೆಲೆಯಿಲ್ಲವೆಂದು ಸೆಖೋಬೆಗೆ ಗೊತ್ತಿತ್ತು. ಎತ್ತನ್ನು ಎಳೆತರಲು ಹೇಳಿಯೂ ಆಗಿತ್ತು. ಆಗ ಲೆಟುಕಾ ಎದ್ದುನಿಂತ. ಸುಮ್ಮನಿದ್ದಿದ್ದರೆ ಅವನ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

“ಒಡೆಯಾ, ಎತ್ತು ಹುಲ್ಲಿಗೆ ಬರಲಿಲ್ಲ. ನನ್ನ ಹತ್ರ ಬಂತು. ನಾನೇ ಊದಿದ್ದು.”

“ಕರೆಯೋಕೆ ಅಂತ ಊದಿದ್ಯಾ?”

“ಇಲ್ಲ. ಬೇಜಾರಾಗಿತ್ತು.”

“ನಿನ್ನ ಬೇಜಾರಿಗೆ ಊರಿನ ಹುಲ್ಲೇ ಬೇಕಾಗಿತ್ತೇನಪ್ಪ?” ಎಂದಳು ಗುಂಪಿನ ಒಬ್ಬ ಮುದುಕಿ.

ತಾನಾಗಿ ಹುಲ್ಲಿಗೆ ಬಂದದ್ದಲ್ಲವೆಂದು ಸೆಖೋಬೆ ಎತ್ತನ್ನು ಕಡಿಸಲಿಲ್ಲ. ಹೋದ ಹುಲ್ಲಿಗೆ ಬದಲಾಗಿ ತನ್ನ ಹೊಲದ ಜೋಳದ ಸಪ್ಪೆಯನ್ನೆಲ್ಲ ಊರ ದನಗಳಿಗೆ ಬಿಟ್ಟುಕೊಟ್ಟ. ಆಮೇಲೆ ಲೆಟುಕಾನಿಗೆ ಹೇಳಿದ: “ನಾಳೆ ನೀನು ಊದಿದರೆ ಅದು ಮತ್ತೆ ಬರುತ್ತೆ. ಆವಾಗ ನಾನು ಉಳಿಸೋದಕ್ಕಾಗಲ್ಲ. ಎತ್ತು ಇರಬೇಕೋ, ಲೆಸಿಬಾ ಇರಬೇಕೋ, ನೀನೇ ಹೇಳು.” ಲೆಟುಕಾ ಲೆಸಿಬಾವನ್ನು ತಂದು ಮುಖ್ಯಸ್ಥನ ಕಾಲ ಬಳಿ ಇಟ್ಟು ಬೆಟ್ಟಕ್ಕೆ ಮರಳಿದ.

ಎತ್ತು ಇನ್ನೂ ಒಂಬತ್ತು ವರ್ಷ ಬದುಕಿತು ಎನ್ನುತ್ತಾರೆ. ಮೊದಲ ವರ್ಷ ಲೆಟುಕಾ ದೂರದಲ್ಲಿ ನಡೆದುಹೋದರೂ ಅದು ಕಿವಿ ನಿಮಿರಿಸಿ ಕಾಯುತ್ತಿತ್ತಂತೆ. ಬರಬರುತ್ತ ಆ ಕಾಯುವುದೂ ತಪ್ಪಿತು. ಮೂರನೆಯ ಚಳಿಗಾಲದಲ್ಲಿ ಕಾವಲು ತೆರೆದು ದನಗಳೆಲ್ಲ ಮೇಲೆ ಬಂದಾಗ ಅವನು ಅದರ ಪಕ್ಕದಲ್ಲೇ ಹೋಗಿ ನಿಂತ. ಅದು ಬೇರೆ ಯಾರೋ ನಿಂತಿದ್ದಾರೆಂಬಂತೆ ಅವನನ್ನು ಬಳಸಿಕೊಂಡು ಮುಂದೆ ಮೇಯತೊಡಗಿತು. ಲೆಟುಕಾ ಅತ್ತದ್ದನ್ನು ಉಳಿದ ದನಗಾಹಿಗಳು ಅವತ್ತೊಂದು ದಿನ ಮಾತ್ರ ನೋಡಿದರು. ಊದಬಾರದೆಂಬ ಮಾತು ಅವನೊಬ್ಬನಿಗೆ ಹೇಳಿದ್ದು. ಆದರೂ ಅವನ ಎದುರು ಊದಲು ಅವರಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಬೆಟ್ಟಕ್ಕೆ ಆ ಹೆಸರು ಬಂದದ್ದು ಆಮೇಲೆ.

ಈಗಲೂ ಜಲಪಾತಕ್ಕೆ ಹೋಗುವವರು ದಾರಿಯಲ್ಲಿ ಊದುತ್ತ ಬರುವ ದನಗಾಹಿಗಳನ್ನು ಕಾಣಬಹುದು. ಬೆಟ್ಟದ ಬುಡದ ಹಳ್ಳ ಸಿಕ್ಕ ಕೂಡಲೇ ಅವರು ತುಟಿಯಿಂದ ಲೆಸಿಬಾ ತೆಗೆದು ಕಂಬಳಿಯೊಳಗೆ ಸೇರಿಸುತ್ತಾರೆ. ಇಲ್ಲೇ ಒಮ್ಮೆ ಊದಿ, ವಿಡಿಯೊ ಮಾಡಿಕೊಳ್ಳುತ್ತೇವೆ ಎಂದು ಪ್ರವಾಸಿಗರು ಕೇಳುವುದುಂಟು. ವಾಪಸು ಇಳಿದು ಹಳ್ಳ ದಾಟಿದ ಮೇಲೆ ಆಗಲಿ ಎನ್ನುತ್ತಾರೆ ಅವರು. ಏಕೆಂದು ಕೇಳಿದರೆ, ಲೆಟುಕಾ ಇದ್ದಾನೆ ಎನ್ನುತ್ತಾರೆ.