ಎದುರುಮನೆಯ ಹೆಪ್ಪು

"ಬಾಯೆಲ್ಲ ಕಹಿ ಕಣ್ರೀ. ನಾಕು ತುತ್ತು ಮೊಸರನ್ನ ತಿನ್ನಬೇಕು ಅನ್ಸುತ್ತೆ. ದೀನಮ್ಮನ ಹತ್ರ ಒಂದಿಷ್ಟು ಮೊಸರು ಇಸ್ಕೊಂಡು ಬನ್ನಿ. ನಮ್ಮನೆ ಹೆಪ್ಪೂ ಅವಳದೇ."

ನನ್ನ ಹೆಂಡತಿ ಹನ್ನಮ್ಮ ನನಗೆ ಹೇಳಿದ ಕೊನೆಯ ಮಾತು ಇದು.

ದೀನಮ್ಮನದು ನಮ್ಮ ಎದುರುಮನೆ. ನಡುವೆ ಹನ್ನೆರಡು ಹೆಜ್ಜೆ. ನಾನು ಆ ಹನ್ನೆರಡು ಹೆಜ್ಜೆ ಇಡಲಿಲ್ಲ. ಬಸ್ ಸ್ಟ್ಯಾಂಡಿನ ಹಾಲಿನ ಅಂಗಡಿಗೆ ಹೋದೆ. ಮಧ್ಯಾಹ್ನ, ಮುಚ್ಚಿತ್ತು. ಅಲ್ಲಿಂದ ಆಸ್ಪತ್ರೆ ರಸ್ತೆಯ ಅಂಗಡಿಗೆ ಹೋದೆ. ಪ್ಯಾಕೆಟ್ ಮೊಸರು ಹಿಡಿದು ಮನೆಗೆ ಬಂದಾಗ ದೀನಮ್ಮ ನಮ್ಮ ಮನೆಯೊಳಗೆ ಕೂತಿದ್ದಳು. ಹನ್ನಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲು. ಅದರಲ್ಲಿ ಅರ್ಧ ಉಳಿದ ಮೊಸರನ್ನ. ಹನ್ನಮ್ಮನ ಉಸಿರು ನಿಂತಿತ್ತು.

"ನೀವು ಓಡಿದ್ದು ನೋಡಿ ಬಂದೆ, ಅಣ್ಣ. ಅಕ್ಕ ಕೇಳಿದಳು. ನಾಲ್ಕು ತುತ್ತು ಉಂಡಳು," ಎಂದಳು.

ಅವಳು ಎದ್ದು ಹೋಗುವವರೆಗೆ ಬಾಗಿಲು ಹಿಡಿದು ನಿಂತೆ. ಆಮೇಲೆ ಆ ಬಟ್ಟಲನ್ನು ಅನ್ನದ ಸಮೇತ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬಟ್ಟಲಿನ ಅಂಚಿನಲ್ಲಿ ಅವಳ ಹೆಸರು ಕೊರೆದಿತ್ತು. ಸಾಕ್ಷಿಗೆ ಬೇಕಾಗುತ್ತದೆ ಎಂದುಕೊಂಡೆ.

ನನ್ನ ಕೆಲಸ ಬೀಗ ರಿಪೇರಿ. ಮೂವತ್ತು ವರ್ಷದಿಂದ ಅದೇ. ಒಬ್ಬರನ್ನೊಬ್ಬರು ನಂಬದ ಜನರಿಂದ ನನ್ನ ಹೊಟ್ಟೆ ತುಂಬಿದೆ. ನಾನೂ ಸುಲಭಕ್ಕೆ ನಂಬುವವನಲ್ಲ.

ದೀನಮ್ಮನ ಮೇಲಿನ ಅನುಮಾನಕ್ಕೆ ಒಂಬತ್ತು ವರ್ಷ. ನಲ್ಲಿ ನೀರಿನ ಪಾಳಿಗೆ ಅವಳಿಗೂ ನನಗೂ ಮಾತು ಬೆಳೆದಿತ್ತು. ಅದೇ ಕ್ರಿಸ್‌ಮಸ್ಸಿಗೆ ಅವಳ ಮನೆಯಿಂದ ಕರ್ಚಿಕಾಯಿ ತಟ್ಟೆ ಬಂತು. ತಿಂದೆ. ಮೂರು ದಿನ ಹೊಟ್ಟೆ ಕಿವುಚಿತು. ಆಮೇಲೂ ನೋವು ಬಿಡಲಿಲ್ಲ. ಮದ್ದು ಹಾಕಿದ್ದಾಳೆ ಎಂದುಕೊಂಡೆ. ತಿನ್ನುವುದರಲ್ಲಿ ಬೆರೆಸಿ ಕೊಟ್ಟು ಮನುಷ್ಯನನ್ನು ನಿಧಾನಕ್ಕೆ ಸವೆಸುವ ಮದ್ದು. ನಮ್ಮ ಚರ್ಚಿನ ಸಭೆಯವರಿಗೆ ತಿಳಿಯದಂತೆ ಮದ್ದು ತೆಗೆಯುವವನ ಹತ್ತಿರ ಹೋದೆ. ಅವನು ಕಷಾಯ ಕುಡಿಸಿ ವಾಂತಿ ಮಾಡಿಸಿದ. ಇದು ನಿನ್ನ ಎದುರುಮನೆಯ ಹೆಂಗಸಿನ ಕೆಲಸ, ಆ ಮನೆಯ ಒಂದು ಅಗುಳೂ ನಿನ್ನ ಹೊಟ್ಟೆಗೆ ಹೋಗಬಾರದು ಎಂದ.

ಮನೆಗೆ ಬಂದು ಹನ್ನಮ್ಮನಿಗೆ ಹಾಗೆಯೇ ಹೇಳಿದೆ. ಅವಳು ಆಗಲಿ ಎಂದಳು. ಅಂದಿನಿಂದ ಸಾರಿಗೆ ಖಾರ ಕಡಿಮೆ ಮಾಡಿದಳು. ಎರಡು ಹೊತ್ತೂ ನನಗೆ ಮೊಸರು ಬಡಿಸಿದಳು. ಪಾತ್ರೆಯಲ್ಲಿ ಇದ್ದದ್ದೆಲ್ಲ ನನಗೇ ಹಾಕಿ, ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಳು. ಮರುದಿನಕ್ಕೆ ಹೆಪ್ಪು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದವನಲ್ಲ. ಹೊಟ್ಟೆನೋವು ಹೋಯಿತು. ಮತ್ತೆ ಬರಲಿಲ್ಲ.

ಹನ್ನಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ವರ್ಷದ ಹಿಂದೆಯೇ ಹೇಳಿದ್ದರು. ನಾನು ಅವರನ್ನೂ ಪೂರ್ತಿ ನಂಬಿರಲಿಲ್ಲ.

ಮಣ್ಣು ಮಾಡುವಾಗ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ದೀನಮ್ಮನೂ ಹಾಕಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆಮೇಲೆ ಬೀದಿಯವರು ನನಗೆ ಊಟ ತಂದುಕೊಟ್ಟರು. ಯಾವ ಮನೆಯದು ಎಂದು ಕೇಳಿ ಕೇಳಿ ಉಂಡೆ. ಒಂದು ದಿನ ಯಾರೋ ಹೇಳದೆ ಬಾಗಿಲಲ್ಲಿ ಉಪ್ಪಿಟ್ಟು ಇಟ್ಟು ಹೋಗಿದ್ದರು. ಅದನ್ನು ನಾಯಿಗೆ ಹಾಕಿದೆ. ನಾಯಿ ತಿಂದು ಬಾಲ ಅಲ್ಲಾಡಿಸಿತು. ಸಂಜೆಯವರೆಗೆ ಅದನ್ನೇ ನೋಡುತ್ತ ಕೂತೆ. ಅದಕ್ಕೆ ಏನೂ ಆಗಲಿಲ್ಲ.

ಮಣ್ಣಾದ ಎಂಟನೆಯ ದಿನ ಶನಿವಾರ. ಮರುದಿನ ಸಭೆಯಲ್ಲಿ ಕರ್ತನ ಭೋಜನ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ನಮ್ಮದು ಚಿಕ್ಕ ಸಭೆ. ಒಂದೇ ಪಾನಪಾತ್ರೆ. ಅದು ಬಾಯಿಂದ ಬಾಯಿಗೆ ಹೋಗುತ್ತದೆ. ಒಂಬತ್ತು ವರ್ಷ ನಾನು ದೀನಮ್ಮನಿಗಿಂತ ಮೊದಲೇ ಎದ್ದು ಹೋಗಿ ಕುಡಿದು ಬರುತ್ತಿದ್ದೆ. ಈಗ ಅಷ್ಟು ಸಾಲದು ಎನಿಸಿತು. ಉಪದೇಶಿ ಸೀಲಪ್ಪನವರ ಹತ್ತಿರ ಹೋದೆ. ನನಗೆ ಅಕ್ಷರ ಕಲಿಸಿದವರು ಅವರೇ. ನಮ್ಮ ಸಭೆಯ ಗುಡಿಯ ಮೆಟ್ಟಿಲ ಮೇಲೆ ಕೂತು ಅದೇ ಪಾನಪಾತ್ರೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಉಪದೇಶಿಗಳೇ, ವಿಷ ಹಾಕಿದವಳು ಬಾಯಿಟ್ಟ ಪಾತ್ರೆಯಲ್ಲಿ ನಾನು ಹೇಗೆ ಕುಡಿಯಲಿ?" ಎಂದು ಕೇಳಿದೆ.

ಎಲ್ಲವನ್ನೂ ಹೇಳಿದೆ. ಮದ್ದು ತೆಗೆಯುವವನ ವಿಷಯವನ್ನೂ ಮುಚ್ಚಿಡಲಿಲ್ಲ. ಆ ಮನೆಯ ಅಗುಳು ಬಿಟ್ಟೆ, ಹೊಟ್ಟೆನೋವು ನಿಂತಿತು, ಅದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದೆ. ನನ್ನ ಬೆನ್ನ ಹಿಂದೆ ನನ್ನ ಹೆಂಡತಿಗೆ ಹೆಪ್ಪು ಕೊಟ್ಟು ಕೊಟ್ಟು, ಅದರಲ್ಲೇ ಮದ್ದು ಹಾಕಿ ಅವಳನ್ನು ಕೊಂದಳು ಎಂದೆ. ನಾಳೆ ಅವಳನ್ನು ಮುಂದೆ ಬರಲು ಬಿಟ್ಟರೆ, ಆ ಬಟ್ಟಲು ಹಿಡಿದು ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ ಎಂದೆ.

ಉಪದೇಶಿಯವರು ಅವಸರ ಮಾಡಲಿಲ್ಲ. ಮದ್ದು ತೆಗೆಯುವವನು ಎದುರುಮನೆ ಎಂದನಲ್ಲ, ನಮ್ಮ ಬೀದಿಯಲ್ಲಿ ಎದುರುಮನೆ ಇಲ್ಲದ ಮನೆ ಯಾವುದು ಎಂದು ಮೊದಲು ಕೇಳಿದರು. ಆಮೇಲೆ, ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು ಎಂದು ಕರ್ತನು ಊಟದ ನಡುವೆ ಹೇಳಿದಾಗ ಶಿಷ್ಯರು ಏನು ಕೇಳಿದರು ಎಂದರು. ನಾನೋ, ನಾನೋ ಎಂದು ಒಬ್ಬೊಬ್ಬರೂ ಕೇಳಿದರು ಎಂದೆ. ಅವನೋ ಎಂದು ಪಕ್ಕದವನನ್ನು ತೋರಿಸಿ ಕೇಳಿದವರು ಯಾರು ಎಂದರು. ಅದು ನನಗೆ ಗೊತ್ತಿದ್ದ ವಾಕ್ಯ. ಅದಕ್ಕಾಗಿ ನಾನು ಬಂದಿರಲಿಲ್ಲ. ಮುಖ ತಿರುಗಿಸಿದೆ.

ಅವರು ಪಾತ್ರೆಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಪಕ್ಕದ ಮನೆ ಒಬ್ಬ ಗಾಣಿಗನದು. ಗಾಣಿಗನ ಹಿತ್ತಲಲ್ಲಿ ಒಂದು ಬಾವಿ. ಎರಡು ಮನೆಗೂ ಅದೇ ನೀರು.

ಒಂದು ದಿನ ರೈತನ ಎತ್ತು ಸತ್ತಿತು. ಏಕೆ ಸತ್ತಿತೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದ ಜಾಗದಲ್ಲಿ ಅನುಮಾನ ಬಂದು ಕೂರುತ್ತದೆ. ಎತ್ತು ಹಿಂದಿನ ದಿನ ಆ ಬಾವಿಯ ನೀರು ಕುಡಿದಿತ್ತು. ಗಾಣಿಗ ನೀರಿಗೆ ಏನೋ ಹಾಕಿದ್ದಾನೆ ಎಂದ ರೈತ. ಗಾಣಿಗನ ಎತ್ತೂ ಅದೇ ನೀರು ಕುಡಿದು ಗಾಣ ಸುತ್ತುತ್ತಿತ್ತು. ರೈತ ಅದನ್ನು ನೋಡಲಿಲ್ಲ.

ಅವನು ಹೆಂಡತಿಯನ್ನು ಕರೆದು, ಇನ್ನು ಆ ಬಾವಿಯ ಒಂದು ಹನಿಯೂ ಈ ಮನೆಗೆ ಬರಕೂಡದು, ಗುಡ್ಡದಾಚೆಯ ಕೆರೆಯಿಂದ ತಾ ಎಂದ. ಹೆಂಡತಿ ಆಗಲಿ ಎಂದಳು.

ಇಲ್ಲಿ ನಾನು ಉಪದೇಶಿಯವರ ಮುಖ ನೋಡಿದೆ. ಹನ್ನಮ್ಮ ಇವರಿಗೆ ಮೊದಲೇ ಏನಾದರೂ ಹೇಳಿದ್ದಳೋ ಎಂದು ಸಂಶಯ ಬಂತು. ದೀನಮ್ಮ ಬಂದು ಹೋಗಿರಬಹುದು ಎಂದೂ ಬಂತು. ಅವರು ನನ್ನ ಕಡೆ ನೋಡದೆ ಮುಂದುವರಿಸಿದರು.

ದಿನವೂ ರೈತನ ಹೆಂಡತಿ ಖಾಲಿ ಕೊಡ ಹೊತ್ತು ಗುಡ್ಡದ ದಾರಿ ಹಿಡಿಯುತ್ತಿದ್ದಳು. ತುಂಬಿದ ಕೊಡ ಹೊತ್ತು ಬರುತ್ತಿದ್ದಳು. ರೈತ ಮೊದಲ ಲೋಟವನ್ನು ಬಾಯಲ್ಲಿ ಮುಕ್ಕಳಿಸಿ ನೋಡುತ್ತಿದ್ದ. ನೀರು ಅಂದರೆ ಕೆರೆಯ ನೀರು, ಆ ಬಾವಿಯ ಒಗರು ಇದಕ್ಕಿಲ್ಲ ಎನ್ನುತ್ತಿದ್ದ. ಹೆಂಡತಿ ಒಲೆ ಊದುತ್ತಿದ್ದಳು. ಹೀಗೆ ಏಳು ವರ್ಷ ಕಳೆಯಿತು.

ಏಳನೆಯ ವರ್ಷ ಅವಳಿಗೆ ಜ್ವರ ಬಂತು. ಕೊಡ ಬರಿದಾಯಿತು. ಅವಳು ನೀರು ಕೇಳಿದಳು. ರೈತ ತಾನೇ ಕೊಡ ಹೊತ್ತು ಗುಡ್ಡ ಹತ್ತಿದ. ದಾರಿಯಲ್ಲಿ ಒಬ್ಬ ಕುರುಬ ಸಿಕ್ಕಿ ಎಲ್ಲಿಗೆ ಎಂದ. ಕೆರೆಗೆ ಎಂದ ರೈತ.

"ಕಟ್ಟೆ ಒಡೆದು ಆರು ವರ್ಷ ಆಯ್ತು, ಯಜಮಾನ. ಕೆರೆಯೊಳಗೆ ನನ್ನ ಕುರಿ ಮೇಯುತ್ತಿವೆ. ಕೊಡಕ್ಕೆ ಹುಲ್ಲು ತುಂಬಿಸಿಕೊಂಡು ಹೋಗ್ತೀಯಾ?" ಎಂದ ಕುರುಬ.

ರೈತ ಹೋಗಿ ನೋಡಿದ. ಕೆರೆಯಲ್ಲಿ ಮೊಣಕಾಲುದ್ದ ಹುಲ್ಲು. ಖಾಲಿ ಕೊಡ ಹಿಡಿದು ಹುಲ್ಲಿನ ನಡುವೆ ನಿಂತ.

ಉಪದೇಶಿಯವರು ಕತೆ ನಿಲ್ಲಿಸಿದರು. ಅವನಿಗೆ ಆಗ ಏನು ತಿಳಿದಿರಬೇಕು ಎಂದು ಕೇಳಿದರು. ಹೆಂಡತಿ ಮೋಸ ಮಾಡಿದಳು ಎಂದು ತಿಳಿದಿರಬೇಕು ಎಂದೆ. ಅವನಿಗೂ ಅಷ್ಟೇ ತಿಳಿಯಿತು ಎಂದರು.

ಆರು ವರ್ಷ ತಾನು ಕುಡಿದದ್ದು ಬಾವಿಯ ನೀರು ಎಂದು ರೈತನಿಗೆ ಮೈ ಉರಿಯಿತು. ಒಮ್ಮೆ ಹಲ್ಲು ನೋವು ಬಂದದ್ದು, ಒಮ್ಮೆ ಕಾಲು ಊದಿದ್ದು, ಒಂದು ಮಳೆಗಾಲ ಕೆಮ್ಮಿದ್ದು, ಎಲ್ಲ ನೆನಪಾಯಿತು. ಎಲ್ಲಕ್ಕೂ ಆ ಬಾವಿಯೇ ಕಾರಣ ಎನಿಸಿತು. ಹೆಂಡತಿಯ ಜ್ವರವೂ ಅದರದೇ. ಇನ್ನು ಯಾರೂ ಆ ನೀರು ಕುಡಿಯಬಾರದು ಎಂದುಕೊಂಡ. ಗುಡ್ಡ ಇಳಿದವನು ಮನೆಗೆ ಹೋಗಲಿಲ್ಲ. ಹೊಲದ ಬೇಲಿಯ ಕಳ್ಳಿ ಕಡಿದ. ಕಳ್ಳಿಯ ಹಾಲು ಬಾಯಿಗೆ ಬಿದ್ದರೆ ಗಂಟಲು ಸುಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಲು ತೊಟ್ಟಿಕ್ಕುತ್ತಿದ್ದ ಹಾಗೆಯೇ ಹೊರೆ ಕಟ್ಟಿ ತಂದು ಗಾಣಿಗನ ಬಾವಿಗೆ ಹಾಕಿದ.

ಆ ಬಾವಿಗೆ ವಿಷ ಬಿದ್ದದ್ದು ಅಂದೇ ಮೊದಲು.

ಕೈಗೆ ಕಳ್ಳಿಹಾಲು ಅಂಟಿತ್ತು. ತೊಳೆಯಲು ನೀರು ಹುಡುಕಿದ. ಸಿಗಲಿಲ್ಲ. ಹಾಗೆಯೇ ಒಳಗೆ ಹೋದ. ಹೆಂಡತಿ ಕಣ್ಣು ತೆರೆದು ಮತ್ತೆ ನೀರು ಕೇಳಿದಳು.

ಕೊಡದಲ್ಲಿ ನೀರಿರಲಿಲ್ಲ. ಕೆರೆಯಲ್ಲಿ ನೀರಿರಲಿಲ್ಲ. ಬಾವಿಯಲ್ಲಿ ನೀರಿತ್ತು.

ಇಷ್ಟು ಹೇಳಿ ಉಪದೇಶಿಯವರು ಪಾನಪಾತ್ರೆ ಎತ್ತಿಕೊಂಡರು. ಮತ್ತೆ ಒರೆಸತೊಡಗಿದರು.

ನಾನು ಕಾದೆ. ಆಮೇಲೇನಾಯಿತು ಎಂದು ಕೇಳಿದೆ. ಕತೆ ಅಷ್ಟೇ ಎಂದರು. ನನಗೆ ಸಿಟ್ಟು ಬಂತು. ಆ ರೈತ ದಡ್ಡ, ಗಾಣಿಗನ ಬಾವಿಯಲ್ಲಿ ಏನೂ ಇರಲಿಲ್ಲ, ನನ್ನದು ಹಾಗಲ್ಲ ಎಂದೆ. ನನಗೆ ಹೊಟ್ಟೆನೋವು ಬಂದದ್ದು ಸುಳ್ಳಲ್ಲ, ಒಂಬತ್ತು ವರ್ಷದಿಂದ ಒಂದು ದಿನವೂ ಅದು ಬರದೆ ಇರುವುದೂ ಸುಳ್ಳಲ್ಲ ಎಂದೆ.

ಉಪದೇಶಿಯವರು ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು.

"ಒಂಬತ್ತು ವರ್ಷ ನಿನ್ನ ಹೊಟ್ಟೆ ನೋಯದ ಹಾಗೆ ಕಾದದ್ದು ಯಾರ ಮನೆಯ ಹೆಪ್ಪು, ಯೋನಪ್ಪ?"

ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ, ಗುಡಿಯ ಮೊದಲ ಗಂಟೆ ಹೊಡೆಯುವ ಮುಂಚೆ, ಟ್ರಂಕಿನ ಬೀಗ ತೆಗೆದೆ. ಬಟ್ಟಲಿನ ಅನ್ನ ಬೂಸ್ಟು ಹಿಡಿದಿತ್ತು. ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದೆ. ಬಟ್ಟಲನ್ನು ಮೂರು ಸಲ ತಿಕ್ಕಿ ತೊಳೆದೆ. ಇನ್ನೊಬ್ಬರ ಬಟ್ಟಲನ್ನು ಖಾಲಿ ವಾಪಸು ಕೊಡಬಾರದು ಎಂದು ಹನ್ನಮ್ಮ ಹೇಳುತ್ತಿದ್ದಳು. ಹಾಲು ಕಾಯಿಸಿದೆ. ಉಗುರುಬೆಚ್ಚಗೆ ಆಗುವವರೆಗೆ ಆರಿಸಿ ಆ ಬಟ್ಟಲಿಗೆ ಹಾಕಿದೆ. ಹನ್ನೆರಡು ಹೆಜ್ಜೆ ದಾಟಿದೆ.

ದೀನಮ್ಮ ಬಾಗಿಲು ತೆಗೆದಳು. ನನ್ನನ್ನು ನೋಡಿದಳು. ಬಟ್ಟಲನ್ನು ನೋಡಿದಳು.

"ಒಂದು ಚೂರು ಹೆಪ್ಪು ಬೇಕಿತ್ತಮ್ಮ," ಎಂದೆ.

ಅವಳು ಒಳಗೆ ಹೋಗಿ ಚಮಚದಲ್ಲಿ ಮೊಸರು ತಂದಳು. ಬಟ್ಟಲಿಗೆ ಹಾಕಲಿಲ್ಲ. ಮೊದಲು ಅದರಲ್ಲಿ ಒಂದಿಷ್ಟನ್ನು ತನ್ನ ಅಂಗೈಗೆ ಹಾಕಿಕೊಂಡಳು. ನನಗೆ ಕಾಣುವಂತೆ ಅದನ್ನು ತಾನು ನೆಕ್ಕಿ ತೋರಿಸಲು ಕೈ ಎತ್ತಿದಳು. ನನ್ನ ಅನುಮಾನ ಒಂಬತ್ತು ವರ್ಷವೂ ಅವಳಿಗೆ ಗೊತ್ತಿತ್ತು.

ಆ ಕೈ ಅವಳ ಬಾಯಿಗೆ ಹೋಗುವ ಮುಂಚೆ ನಾನು ಬಟ್ಟಲನ್ನು ಚಮಚದ ಕೆಳಗೆ ಹಿಡಿದೆ.